ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೀರಾ? "ಒ.ಸಿ. ಬರುತ್ತೆ, ಸೈನ್ ಒಂದೇ ಬಾಕಿ" ಅಂದರೆ ನಂಬಬೇಡಿ

ಮೊದಲೇ ಹೇಳಿಬಿಡುತ್ತೇನೆ. ಮನೆ ತೋರಿಸುವವರು "ಒ.ಸಿ. ಬರುತ್ತೆ, ಸೈನ್ ಒಂದೇ ಬಾಕಿ" ಅಂದರೆ ಅಡ್ವಾನ್ಸ್ ಕೊಡಬೇಡಿ. (ಒ.ಸಿ. ಅಂದರೆ ಆ ಕಟ್ಟಡದಲ್ಲಿ ಜನ ಇರಬಹುದು ಅಂತ ಪಾಲಿಕೆ ಕೊಡುವ ಪತ್ರ.) ಒಂದು ರೂಪಾಯಿಯೂ ಕೊಡಬೇಡಿ. ನಾವು ಕೊಟ್ಟೆವು. 78,000 ರೂಪಾಯಿ ಹೋಯಿತು. ಬ್ರೋಕರ್ ಕಮಿಷನ್, ಎರಡು ಸಲದ ಲಗೇಜ್ ಗಾಡಿ ಬಾಡಿಗೆ ಅದರ ಮೇಲೆ.

ನಾವು ಮಂಡ್ಯದವರು. ನಮ್ಮ ಯಜಮಾನರಿಗೆ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ. ದಿನಾ ರೈಲಿನಲ್ಲಿ ಓಡಾಡಿ ಸುಸ್ತಾಗಿದ್ದರು. ಮಗಳ ಸ್ಕೂಲು ಶುರುವಾಗುವ ಹೊತ್ತಿಗೆ ಮೈಸೂರಿಗೇ ಬಂದುಬಿಡೋಣ ಅಂತ ಗೋಕುಲಂ, ಬನ್ನಿಮಂಟಪ, ಮೇಟಗಳ್ಳಿ ಎಲ್ಲ ಸುತ್ತಿದೆವು. ಗೋಕುಲಂನಲ್ಲಿ ಬಾಡಿಗೆ ಎಷ್ಟು ಅಂತ ಕೇಳಿಯೇ ವಾಪಸ್ ಬಂದೆವು. ಕೊನೆಗೆ ಮೇಟಗಳ್ಳಿ ಕಡೆ ಒಂದು ಮನೆ ಸಿಕ್ಕಿತು. ಎರಡು ರೂಮು, ಹಾಲು, ಅಡುಗೆಮನೆ, 14,000 ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್. ಹೊಸ ಟೈಲ್ಸ್, ಹೊಸ ಬಣ್ಣ, ಹಾಲಿನಲ್ಲಿ ಫಾಲ್ಸ್ ಸೀಲಿಂಗ್, ಅದರೊಳಗೆ ಲೈಟು. ಚೆನ್ನಾಗಿ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ.

"ಮುಂಚೆ ಇದು ಗೋಡೌನ್ ಆಗಿತ್ತು, ಈಗ ಪೂರ್ತಿ ಮನೆ ಮಾಡಿಸಿದ್ದಾರೆ" ಅಂತ ಬ್ರೋಕರ್ ಹೇಳಿದ. ಮುಚ್ಚಿಡಲಿಲ್ಲ. ಅದಕ್ಕೇ ನಾವು ನಂಬಿದ್ದು. ನಮ್ಮ ಯಜಮಾನರು "ಕಾರ್ಪೊರೇಷನ್ ಪೇಪರ್ ಎಲ್ಲ ಇದೆಯಾ?" ಅಂತ ಕೇಳಿಯೂ ಕೇಳಿದರು. ಓನರ್ ವಯಸ್ಸಾದವರು, ನಮ್ಮಪ್ಪನ ವಾರಿಗೆಯವರು. "ಎಲ್ಲಾ ಕೊಟ್ಟಾಗಿದೆ ಕಣಪ್ಪ. ಒ.ಸಿ. ಬರುತ್ತೆ, ಸೈನ್ ಒಂದೇ ಬಾಕಿ. ಸಾಹೇಬ್ರು ರಜದಲ್ಲಿದ್ದಾರೆ" ಅಂದರು. ಬ್ರೋಕರ್ ಪಕ್ಕದಿಂದ "ಇನ್ನೆರಡು ಪಾರ್ಟಿ ನೋಡಿಕೊಂಡು ಹೋಗಿದ್ದಾರೆ ಮೇಡಂ, ಆಷಾಢಕ್ಕೆ ಮುಂಚೆ ಹಾಲುಕ್ಕಿಸಿಬಿಡಿ" ಅಂತ ಅವಸರ ಮಾಡಿದ. ಆಷಾಢ ಬಂದರೆ ನಾವು ಮನೆ ಬದಲಾಯಿಸುವುದಿಲ್ಲ ಅಂತ ಅವನಿಗೆ ಗೊತ್ತು. ಮಗಳ ಸ್ಕೂಲ್ ಫೀಸು ಕಟ್ಟಿಯಾಗಿತ್ತು. ಒಪ್ಪಿಕೊಂಡೆವು.

ಅಡ್ವಾನ್ಸಿನಲ್ಲಿ 90,000 ಬ್ಯಾಂಕಿಂದ ಕಳಿಸಿದೆವು. ಉಳಿದ 50,000 ಕ್ಯಾಶ್ ಬೇಕು ಅಂದರು. ಕೊಟ್ಟೆವು. ಅಗ್ರಿಮೆಂಟಿನಲ್ಲಿ 90,000 ಅಂತಲೇ ಬರೆಸಿದರು. "ಟ್ಯಾಕ್ಸ್ ವಿಷಯ ಕಣಮ್ಮ, ನಾನೇನು ಓಡಿಹೋಗ್ತೀನಾ?" ಅಂದರು. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತೆ. ಮಂಡ್ಯದಲ್ಲಿ ನಮ್ಮಣ್ಣನಿಗೆ ಇವತ್ತಿಗೂ ಈ ಕ್ಯಾಶ್ ವಿಷಯ ಹೇಳಿಲ್ಲ.

ಮೊದಲ ತಿಂಗಳು ಕರೆಂಟ್ ಬಿಲ್ಲೇ ಬರಲಿಲ್ಲ. ಒಳಗೊಂದು ಸಬ್ ಮೀಟರ್ ಇತ್ತು. "ಯೂನಿಟ್‌ಗೆ 12 ರೂಪಾಯಿ ಕೊಟ್ಟುಬಿಡಿ, ಬಿಲ್ಲು ನಾನು ಕಟ್ಕೋತೀನಿ" ಅಂದರು. ಯಾಕೆ ಕೊಡಬೇಕು? ಮಂಡ್ಯದಲ್ಲಿ ನಮಗೆ ಗೃಹಜ್ಯೋತಿ ಇತ್ತು, ಸೊನ್ನೆ ಬಿಲ್ಲು ಬರುತ್ತಿತ್ತು. ಬಾಡಿಗೆಯವರೂ ತಮ್ಮ ಆಧಾರ್ ಲಿಂಕ್ ಮಾಡಿಸಿಕೊಳ್ಳಬಹುದು, ಅದಕ್ಕೆ ಮನೆಯ ಆರ್.ಆರ್. ನಂಬರ್, ಅಂದರೆ ಕರೆಂಟ್ ಬಿಲ್ಲಿನ ಮೇಲಿರುವ ಕನೆಕ್ಷನ್ ನಂಬರ್, ಬೇಕು. ಆರ್.ಆರ್. ನಂಬರ್ ಕೊಡಿ ಅಂತ ಕೇಳಿದೆ. ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ, ಹಳೇ ಬಿಲ್ಲು ಹುಡುಕ್ತೀನಿ ಅಂತ ಎರಡು ತಿಂಗಳು ತಳ್ಳಿದರು. ಒಂದು ದಿನ ಮೀಟರ್ ಓದುವ ಹುಡುಗ ಗೇಟಿಗೆ ಬಿಲ್ಲು ಸಿಕ್ಕಿಸಿ ಹೋಗಿದ್ದ. ಅದನ್ನೇ ತಗೊಂಡು ಸೇವಾ ಕೇಂದ್ರಕ್ಕೆ ಹೋದೆ.

ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ ನಂಬರ್ ಹಾಕಿದಳು. ಬಿಲ್ಲು ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. "ಅಕ್ಕ, ಇದು ಮನೆ ಮೀಟರ್ ಅಲ್ಲ. ಕಮರ್ಷಿಯಲ್." ನಾನು, "ಅಲ್ಲಮ್ಮ, ನಾವು ಅಲ್ಲೇ ವಾಸ ಇರೋದು" ಅಂದೆ. ಅವಳು ಬಿಲ್ಲನ್ನು ನನ್ನ ಕಡೆ ತಿರುಗಿಸಿ, ಎಲ್‌ಟಿ-3 ಅಂತ ಇದ್ದ ಕಡೆ ಬೆರಳಿಟ್ಟಳು. "ವಾಸ ಇರಬಹುದು ಅಕ್ಕ. ದಾಖಲೆಯಲ್ಲಿ ಇದು ಮನೆ ಅಲ್ಲ" ಅಂದಳು. ಪಾಪ, ಅವಳು ಮೆತ್ತಗೇ ಹೇಳಿದಳು. ಹಿಂದೆ ಏಳೆಂಟು ಜನ ಸಾಲಿನಲ್ಲಿದ್ದರು. ದಾಖಲೆಯಲ್ಲಿ ಇದು ಮನೆ ಅಲ್ಲ. ಅದೇ ಮಾತು ತಲೆಯಲ್ಲಿ ತಿರುಗುತ್ತಾ ಬಸ್ಸು ಹತ್ತಿದವಳು, ಇಳಿಯುವ ಸ್ಟಾಪ್ ಬಿಟ್ಟು ಮುಂದೆ ಹೋಗಿಬಿಟ್ಟಿದ್ದೆ.

ಮನೆಗೆ ಬಂದು ಅಗ್ರಿಮೆಂಟ್ ತೆಗೆದು ಓದಿದೆ. ಸಹಿ ಹಾಕುವಾಗ ಯಾರು ಓದುತ್ತಾರೆ ಹೇಳಿ, ಹನ್ನೊಂದು ತಿಂಗಳು, ಬಾಡಿಗೆ ಇಷ್ಟು, ಬಿಡುವಾಗ ಬಣ್ಣಕ್ಕೆ ಒಂದು ತಿಂಗಳು, ಎಲ್ಲ ಕಡೆ ಇರೋದು ಅದೇ ಅಲ್ವಾ. ಆದರೆ ಇದರಲ್ಲಿ ಒಂದು ಕಡೆಯೂ "ಮನೆ" ಅಂತ ಇಲ್ಲ. ಎಲ್ಲಾ ಕಡೆ "ಸದರಿ ಜಾಗ", "ಸದರಿ ಜಾಗ". ಅಂದರೆ ಬರೆಸಿದವರಿಗೆ ಮೊದಲೇ ಗೊತ್ತಿತ್ತು.

ಓನರಿಗೆ ಫೋನ್ ಮಾಡಿದೆ. "ಮೀಟರ್ ಯಾವುದಾದರೇನಮ್ಮ, ಲೈಟ್ ಉರೀತಿದೆ ತಾನೇ?" ಅಂದರು. ಸಾರ್, ಒ.ಸಿ. ಏನಾಯ್ತು ಅಂದೆ. "ಹೇಳಿದ್ನಲ್ಲ, ಸೈನ್ ಒಂದೇ ಬಾಕಿ." ಹಾಗಾದರೆ ಅರ್ಜಿ ಕೊಟ್ಟಿರೋ ನಂಬರಾದರೂ ಕೊಡಿ ಅಂದೆ. ಫೋನ್ ಇಟ್ಟುಬಿಟ್ಟರು. ನಮ್ಮ ಯಜಮಾನರು ರಜ ಹಾಕಿ ಪಾಲಿಕೆಯ ವಲಯ ಕಚೇರಿಗೆ ಹೋಗಿ ಕೇಳಿದರು. ಸೈನ್ ಬಾಕಿ ಇರೋದಿರಲಿ, ಅರ್ಜಿಯೇ ಇಲ್ಲ. ಮನೆ ಅಂತ ಪ್ಲಾನ್ ಪಾಸ್ ಆಗಿಲ್ಲ. ಖಾತೆಯಲ್ಲಿ ಇನ್ನೂ ಗೋಡೌನ್ ಅಂತಲೇ ಇದೆ. ಅಷ್ಟು ತಿಂಗಳೂ ಸಹಿಗೆ ಕಾಯುತ್ತಿದೆ ಅಂದ ಫೈಲು ಎಲ್ಲೂ ಇರಲೇ ಇಲ್ಲ.

ಇದೇನು ಸಣ್ಣ ಪೇಪರ್ ವಿಷಯ ಅಂತ ಕೆಲವರಿಗೆ ಅನ್ನಿಸಬಹುದು. ನಮಗೂ ಅನ್ನಿಸಿತ್ತು. ಅಕ್ಟೋಬರ್ ಮಳೆ ಬಂತು. ರಾತ್ರಿ ಫಾಲ್ಸ್ ಸೀಲಿಂಗ್ ಮೇಲೆ ಮೂಟೆಗಟ್ಟಲೆ ಹುರುಳಿ ಸುರಿದ ಹಾಗೆ ಸದ್ದು. ಆರ್‌ಸಿಸಿ ತಾರಸಿ ಇದ್ದರೆ ಹಾಗೆ ಸದ್ದು ಬರುವುದಿಲ್ಲ. ಮೇಲೆ ಇರುವುದು ಹಳೇ ಶೀಟು, ಕೆಳಗೆ ಚೆಂದದ ಸೀಲಿಂಗು! ಬೆಳಗ್ಗೆ ಎದ್ದು ನೋಡಿದರೆ ರೂಮಿನ ಬಾಗಿಲ ಮೇಲಿಂದ ಕಪ್ಪು ನೀರು ಗೋಡೆಗುಂಟ ಇಳಿದು, ಮೊಳೆಗೆ ನೇತು ಹಾಕಿದ್ದ ಮಗಳ ಬಿಳಿ ಯೂನಿಫಾರ್ಮ್ ಪೂರ್ತಿ ಮಸಿಯಾಗಿತ್ತು. ಮೂಸಿ ನೋಡಿದರೆ ಗಂಧದ ವಾಸನೆ. ಪಕ್ಕದ ಮನೆ ಅಜ್ಜಿ ಹೇಳಿದರು: "ಅದು ಊದುಬತ್ತಿ ಗೋಡೌನ್ ಕಣವ್ವ. ಇದ್ದಲಪುಡಿ ಮೂಟೆ ಇಡ್ತಿದ್ರು." ಎಷ್ಟೋ ವರ್ಷದ ಇದ್ದಲಪುಡಿ ಶೀಟಿನ ಸಂದಿನಲ್ಲೇ ಕೂತಿತ್ತು. ಅದರ ಮಧ್ಯದಲ್ಲೇ ವೈರಿಂಗ್ ಎಳೆದಿದ್ದಾರೆ. ಒಳಗಿನ ರೂಮಿಗೆ ಕಿಟಕಿ ಇಲ್ಲ, ಮೇಲೊಂದು ಗೂಡಿನಷ್ಟು ವೆಂಟಿಲೇಟರ್. ಹೊರಗೆ ಹೋಗಲು ಇರುವುದು ಒಂದೇ ಬಾಗಿಲು, ಅದೂ ಹಳೇ ರೋಲಿಂಗ್ ಶಟರ್ ಕಿತ್ತು ಕೂರಿಸಿದ್ದು. ಇದ್ದಲಪುಡಿ, ವೈರು, ಒಂದೇ ಬಾಗಿಲು. ಆ ರೂಮಿನಲ್ಲಿ ನನ್ನ ಮಗಳು ನಾಲ್ಕು ತಿಂಗಳು ಮಲಗಿದ್ದಾಳೆ. ಅವತ್ತಿಂದ ನನಗೆ ನಿದ್ದೆ ಬರಲಿಲ್ಲ.

ಒ.ಸಿ. ಅಂದರೆ ಇದನ್ನೆಲ್ಲ ಯಾರಾದರೂ ಬಂದು ನೋಡಿ, ಇಲ್ಲಿ ಜನ ಇರಬಹುದು ಅಂತ ಬರೆದುಕೊಡುವ ಪತ್ರ. 1976ರ ಪಾಲಿಕೆ ಕಾಯ್ದೆಯ 310ನೇ ಸೆಕ್ಷನ್‌ನಲ್ಲೇ ಇದೆ. ಇಲ್ಲಿ ಯಾರೂ ಬಂದು ನೋಡಿಲ್ಲ. ಮನೆ ಮೀಟರಿಗೆ ಅವರು ಯಾಕೆ ಹೋಗಲಿಲ್ಲ ಅಂತಲೂ ಆಮೇಲೆ ಗೊತ್ತಾಯಿತು. 2024ರ ಡಿಸೆಂಬರ್ 17ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂದಿದೆ. ಈ ಪತ್ರ ನೋಡಿಯೇ ಕರೆಂಟು, ನೀರಿನ ಕನೆಕ್ಷನ್ ಕೊಡಬೇಕು ಅಂತ. ಇವರ ಹತ್ತಿರ ಪತ್ರ ಇಲ್ಲ. ಅದಕ್ಕೇ ಹಳೇ ಕಮರ್ಷಿಯಲ್ ಮೀಟರ್ ಇಟ್ಟುಕೊಂಡು ನಮ್ಮಿಂದ 12 ರೂಪಾಯಿ ವಸೂಲಿ.

ಮುಖಾಮುಖಿ ಕೇಳಿದಾಗ ಧಾಟಿಯೇ ಬದಲಾಯಿತು. "ಚಿಕ್ಕ ಸೈಟಿಗೆ ಒ.ಸಿ. ಬೇಡ ಅಂತ ಸರ್ಕಾರನೇ ಹೇಳಿದೆ, ಪೇಪರ್ ಓದಲ್ವಾ?" ಅಂದರು. ಓದಿದ್ದೆ. ವಿನಾಯಿತಿ 1,200 ಚದರಡಿವರೆಗಿನ ಸೈಟಿನ ಮನೆಗೆ. ಇದು 40-60 ಸೈಟು, 2,400 ಚದರಡಿ. ಹಾಗಂದಾಗ, "ಮೈಸೂರಲ್ಲಿ ಯಾರ ಹತ್ರ ಇದೆಯಮ್ಮ ಒ.ಸಿ.? ಇಷ್ಟವಿದ್ರೆ ಇರಿ, ಇಲ್ಲಾಂದ್ರೆ ಬಿಡಿ" ಅಂದರು. ಬರುತ್ತೆ ಅಂದವರೂ ಇವರೇ, ಬೇಡ ಅಂದವರೂ ಇವರೇ, ಯಾರ ಹತ್ರ ಇದೆ ಅಂದವರೂ ಇವರೇ.

ಖಾಲಿ ಮಾಡಿದೆವು. ಬಣ್ಣಕ್ಕೆ 14,000 ಹಿಡಿದರು. ಹನ್ನೊಂದು ತಿಂಗಳು ತುಂಬಲಿಲ್ಲ ಅಂತ ಇನ್ನೊಂದು 14,000. ಕೈಗೆ ಬಂದಿದ್ದು 62,000. ಕ್ಯಾಶ್ ಕೊಟ್ಟ 50,000 ಕೇಳಿದ್ದಕ್ಕೆ, "ಯಾವ ಕ್ಯಾಶು? ಅಗ್ರಿಮೆಂಟಲ್ಲಿ ತೋರಿಸಮ್ಮ" ಅಂದರು. ಅವರ ಹೆಂಡತಿ ಅಲ್ಲೇ ಕೂತಿದ್ದರು. ಅವತ್ತು ಆ ನೋಟುಗಳನ್ನು ಎಣಿಸಿ ಒಳಗಿಟ್ಟಿದ್ದು ಅವರೇ. ನಾನು ಅವರ ಮುಖ ನೋಡಿದೆ. ಅವರು ಎದ್ದು ಒಳಗೆ ಹೋದರು.

ವಕೀಲರನ್ನು ಕಂಡೆವು. ಕ್ಯಾಶಿಗೆ ಸಾಕ್ಷಿ ಇಲ್ಲದೆ ಕಷ್ಟ ಅಂದರು.

ಮನೆ ನೋಡಲು ಹೋದರೆ ಮೊದಲು ಕರೆಂಟ್ ಬಿಲ್ಲು ಕೇಳಿ. ಬಿಲ್ಲು ಕೊಡದವರ ಮನೆ ಬೇಡವೇ ಬೇಡ. ಗೋಡೌನ್, ಶೆಡ್ಡು, ಅಂಗಡಿಯನ್ನು ಮನೆ ಮಾಡಿದ್ದರೆ ಒ.ಸಿ. ಕಣ್ಣಾರೆ ನೋಡಿ, ವಲಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಕ್ಯಾಶ್ ಕೊಡಲೇಬೇಡಿ. ವಯಸ್ಸಾದವರು, ಒಳ್ಳೆಯವರ ಹಾಗೆ ಕಾಣ್ತಾರೆ ಅಂತ ಸುಮ್ನೆ ಕರಗಬೇಡಿ.

ಹೋದ ವಾರ ಆ ಕಡೆ ಹೋಗಿದ್ದೆ. "ಮನೆ ಬಾಡಿಗೆಗಿದೆ" ಅಂತ ಬೋರ್ಡು ಮತ್ತೆ ನೇತು ಹಾಕಿದ್ದಾರೆ. ಅದಕ್ಕೇ ಇದನ್ನು ಬರೆದೆ. ಬಣ್ಣ ಹೊಸದಾಗಿ ಹೊಡೆಸಿರುತ್ತಾರೆ, ಕಲೆ ಕಾಣುವುದಿಲ್ಲ. ಒಳಗಿನ ರೂಮಿನ ಬಾಗಿಲ ಮೇಲೆ, ಎಡಗಡೆ ಮೂಲೆ. ಅಲ್ಲಿ ಕೈಯಿಟ್ಟು ಒರೆಸಿ, ಬೆರಳು ಮೂಸಿ ನೋಡಿ.