ಟಿಂಕರಿಂಗ್ ಶೆಡ್‌ನಿಂದ ನೋಡಿದ ಬರ್ನೌಟ್ ಪ್ಯಾರಡೈಸ್

ಬರ್ನೌಟ್ ಪ್ಯಾರಡೈಸ್ ಅನ್ನುವ ವಿಡಿಯೋ ಗೇಮ್‌ನಲ್ಲಿ ಮಗ ಮೊದಲ ಸಲ ಗಾಡಿ ಗುದ್ದಿಸಿದಾಗ ನಾನು ಊಟದ ತಟ್ಟೆ ಹಿಡಿದು ಹಿಂದೆ ನಿಂತಿದ್ದೆ. "ಇನ್ನೊಂದು ಸಲ ಗುದ್ದಿಸು, ಅದೇ ಕಡೆಯಿಂದ" ಅಂದೆ. ರೇಸ್ ಸೋತೆ ಅಂತ ಅವನು ಬೇಜಾರಿನಲ್ಲಿದ್ದ. ನನಗೆ ರೇಸ್ ಕಂಡಿರಲೇ ಇಲ್ಲ. ಆ ಬಾನೆಟ್ ಮಡಚಿಕೊಂಡ ರೀತಿ ಮಾತ್ರ ಕಣ್ಣಲ್ಲಿ ನಿಂತಿತ್ತು.

ನಾನು ಬೆಂಗಳೂರಿನ ವಿಲ್ಸನ್ ಗಾರ್ಡನ್ ಹತ್ತಿರದ ಒಂದು ಶೆಡ್‌ನಲ್ಲಿ 22 ವರ್ಷದಿಂದ ಟಿಂಕರಿಂಗ್, ಪೇಂಟಿಂಗ್ ಮಾಡುತ್ತಿದ್ದೇನೆ. ಹೊಸೂರು ರಸ್ತೆ ಪಕ್ಕದಲ್ಲೇ ಇದೆ. ಅಲ್ಲಿ ಗುದ್ದಿಕೊಂಡ ಗಾಡಿಗಳು ನಮ್ಮಲ್ಲಿಗೆ ಜಾಸ್ತಿ ಬರುತ್ತವೆ. ಆದ್ದರಿಂದ ಇದನ್ನು ನೆಗ್ಗು ತೆಗೆಯುವವನು ಬರೆದ ರಿವ್ಯೂ ಅಂತಲೇ ಓದಿ.

ಆಟದ ಪೂರ್ತಿ ಹೆಸರು ಬರ್ನೌಟ್ ಪ್ಯಾರಡೈಸ್ ರಿಮಾಸ್ಟರ್ಡ್. ಮೂಲ ಆಟ ಮಾಡಿದವರು ಇಂಗ್ಲೆಂಡಿನ ಕ್ರೈಟೀರಿಯನ್ ಗೇಮ್ಸ್. ಅದು ಬಂದದ್ದು 2008ರಲ್ಲಿ, ಅದನ್ನೇ ತಿದ್ದಿ ತೀಡಿದ ಈ ಆಟ 2018ರಲ್ಲಿ. ಮಗ ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 4 ತಂದ. ಡಿಸ್ಕ್ ಮೆಜೆಸ್ಟಿಕ್ ಕಡೆ 700 ರೂಪಾಯಿಗೆ ಸಿಕ್ಕಿತು. ಇದೇ ಸರಣಿಯ ಬರ್ನೌಟ್ 3 ನಾನು ಮದುವೆಗೆ ಮುಂಚೆ ಜಯನಗರದ ಒಂದು ಗೇಮ್ ಪಾರ್ಲರ್‌ನಲ್ಲಿ ಆಡಿದ್ದೆ. ಆಗ ಗಂಟೆಗೆ ಇಷ್ಟು ಅಂತ ದುಡ್ಡು ಕೊಡಬೇಕಿತ್ತು. ಗುದ್ದಿದ್ದನ್ನು ನಿಂತು ನೋಡುವಷ್ಟು ಪುರುಸೊತ್ತು ಇರಲಿಲ್ಲ.

ಈಗ ನೋಡುತ್ತೇನೆ. ಗಾಡಿ ಗೋಡೆಗೋ ಎದುರಿನ ವ್ಯಾನಿಗೋ ಬಡಿದ ತಕ್ಷಣ ಆಟ ನಿಧಾನವಾಗುತ್ತದೆ. ಮೂತಿ ಒಳಗೆ ಹೋಗುತ್ತದೆ. ಬಾನೆಟ್ ನಡುವೆ ಎದ್ದು ಮಡಚುತ್ತದೆ. ಗಾಜು ಚೂರಾಗುತ್ತದೆ. ಗಾಡಿ ಮಗುಚಿದರೆ ಛಾವಣಿ ಕುಸಿಯುತ್ತದೆ, ಚಕ್ರ ಕಳಚಿ ತನ್ನ ಪಾಡಿಗೆ ಉರುಳಿ ಹೋಗುತ್ತದೆ. ಎರಡು ಸಲ ಗುದ್ದಿದರೆ ಎರಡು ಥರ ನಜ್ಜಾಗುತ್ತದೆ.

ಇದು ನನಗೆ ಯಾಕೆ ಇಷ್ಟು ದೊಡ್ಡ ವಿಷಯ ಅಂದರೆ, ನನ್ನ ಹತ್ತಿರ ಬರುವುದು ಗುದ್ದಿ ಮುಗಿದ ಗಾಡಿ. ಗುದ್ದುವ ಗಳಿಗೆ ನಾನು ನೋಡಿಯೇ ಇಲ್ಲ. ನೆಗ್ಗು ನೋಡಿ ಹಿಂದಕ್ಕೆ ಲೆಕ್ಕ ಹಾಕಬೇಕು. ಏಟು ಯಾವ ಕಡೆಯಿಂದ ಬಂತು, ಮೊದಲು ಬಗ್ಗಿದ್ದು ಯಾವುದು, ಆಮೇಲೆ ಯಾವುದು. ಯಾಕಂದ್ರೆ ತಗಡನ್ನು ಎಳೆಯುವುದು ಉಲ್ಟಾ ಕ್ರಮದಲ್ಲಿ. ಕೊನೆಗೆ ಬಗ್ಗಿದ್ದನ್ನು ಮೊದಲು ಬಿಡಿಸಬೇಕು, ಮೊದಲು ಬಗ್ಗಿದ್ದನ್ನು ಕೊನೆಗೆ. ಇದು ತಪ್ಪಿದರೆ ಚಕ್ರದ ಮೇಲಿನ ತಗಡು, ಅಂದರೆ ಫೆಂಡರ್, ನೆಟ್ಟಗಾಗುತ್ತದೆ, ಬಾಗಿಲು ಕೂರುವುದಿಲ್ಲ. ನನ್ನ ಗುರುಗಳು ಇದನ್ನು ಒಂದು ಕಾಗದ ಮಡಚಿ ತೋರಿಸಿ ಕಲಿಸಿದ್ದರು. ಅವರು ಬಾಯಲ್ಲಿ ಹೇಳಿದ್ದನ್ನು ಈ ಆಟ ಟೀವಿಯಲ್ಲಿ ತೋರಿಸುತ್ತದೆ. ಶೆಡ್‌ನಲ್ಲಿ ಹೊಸದಾಗಿ ಸೇರಿದ ಹುಡುಗನನ್ನು ಒಂದು ಭಾನುವಾರ ಮನೆಗೆ ಕರೆದು ಇದನ್ನೇ ತೋರಿಸಿದೆ. ಮೂರು ಗುದ್ದಿಗೆ ಅವನಿಗೆ ಅರ್ಥವಾಯಿತು.

ಎಲ್ಲವೂ ನಿಜದ ಹಾಗಿಲ್ಲ. ಈಗಿನ ಬಂಪರ್ ಪ್ಲಾಸ್ಟಿಕ್, ಅದು ಸೀಳುತ್ತದೆ. ಆಟದಲ್ಲಿ ಎಲ್ಲವೂ ತಗಡಿನ ಹಾಗೆ ಬಗ್ಗುತ್ತದೆ. ಮುಂದಿನ ಗಾಜಿನ ನಡುವೆ ಒಂದು ಹಾಳೆ ಇರುತ್ತದೆ, ಅದು ಒಡೆದರೂ ಚೂರು ಉದುರದೆ ಜೇಡರ ಬಲೆಯ ಹಾಗೆ ನಿಲ್ಲುತ್ತದೆ. ಅಂಥ ಸೂಕ್ಷ್ಮ ಇಲ್ಲಿ ನನಗೆ ಕಾಣಲಿಲ್ಲ. ಇರಲಿ.

ನನಗೆ ತುಂಬಾ ಹಿಡಿಸಿದ ಇನ್ನೊಂದು ವಿಷಯ ಗುಜರಿ. ಪ್ಯಾರಡೈಸ್ ಸಿಟಿ ಅನ್ನುವ ಊರಿನಲ್ಲಿ ಹೊಸ ಗಾಡಿಗಳು ಸುಮ್ನೆ ಓಡಾಡುತ್ತಿರುತ್ತವೆ. ಬೆನ್ನಟ್ಟಿ ಗುದ್ದಿ ಕೆಡವಿದರೆ ಆ ಗಾಡಿ ನಿಮ್ಮದು. ಆದರೆ ಅದು ಗುಜರಿಗೆ ಬರುವುದು ನಜ್ಜುಗುಜ್ಜಾಗಿಯೇ. ಅಲ್ಲಿಂದ ನೀವೇ ಓಡಿಸಿಕೊಂಡು ರಿಪೇರಿ ಅಂಗಡಿಗೆ ಒಯ್ಯಬೇಕು. ಶಿವಾಜಿನಗರದ ಗುಜರಿಯಲ್ಲಿ ಬಾಗಿಲು, ಬಾನೆಟ್ ಹುಡುಕಿ ತಂದವರಿಗೆ ಈ ಖುಷಿ ಗೊತ್ತು. ರಿಪೇರಿ ಅಂಗಡಿಯೊಳಗೆ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಬಂದರೆ ಗಾಡಿ ಹೊಸದು. ಪುಟ್ಟಿ ಹಚ್ಚಿ, ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ ಹೊಡೆದು, ಮೇಲೆ ಹೊಳಪಿನ ಕ್ಲಿಯರ್ ಹೊಡೆಯುವಷ್ಟರಲ್ಲಿ ನಮಗೆ ನಾಲ್ಕು ದಿನ ಬೇಕು. ಆ ಒಂದು ಕ್ಷಣ ನೋಡಿದಾಗಲೆಲ್ಲ ನನ್ನ ಭುಜದ ಭಾರ ಇಳಿದ ಹಾಗಾಗುತ್ತದೆ.

ಗುದ್ದಿದ ಮೇಲೂ ನಾಲ್ಕು ಚಕ್ರ ಗಾಡಿಯಲ್ಲೇ ಇದ್ದರೆ ಮುಂದೆ ಓಡಿಸಬಹುದು. ಇಲ್ಲದಿದ್ದರೆ ಇಲ್ಲ. ಇದು ಸರಿಯಾದ ಲೆಕ್ಕ. ಮೈ ಎಷ್ಟು ನೆಗ್ಗಿದರೂ ಗಾಡಿ ಓಡುತ್ತದೆ, ಕೆಳಗಿನದು ಹೋದರೆ ಮುಗಿಯಿತು ಅಂತ ನಾನೂ ಗಿರಾಕಿಗಳಿಗೆ ದಿನಾ ಹೇಳುತ್ತೇನೆ.

ಶೋಟೈಮ್ ಅಂತ ಒಂದಿದೆ. ಕೈಯಲ್ಲಿರುವ ಕಂಟ್ರೋಲರ್‌ನ ಎಲ್1, ಆರ್1 ಗುಂಡಿ ಒಟ್ಟಿಗೆ ಒತ್ತಿದರೆ ನಿಮ್ಮ ಗಾಡಿ ಚೆಂಡಿನ ಹಾಗೆ ಪುಟಿಯುತ್ತಾ ರಸ್ತೆಯ ಗಾಡಿಗಳನ್ನೆಲ್ಲ ಬಡಿಯುತ್ತದೆ, ನಷ್ಟ ಡಾಲರ್‌ನಲ್ಲಿ ಏರುತ್ತದೆ. ಮಗನಿಗೆ ಪ್ರಾಣ. ನನಗೆ ಬೇಡ. ಒಂದು ನೆಗ್ಗನ್ನೂ ಕಣ್ಣಿಟ್ಟು ನೋಡಲು ಬಿಡುವುದಿಲ್ಲ.

ಇನ್ನು ಮುಖ್ಯ ಮಾತು. ಈ ಆಟದ ಯಾವ ಕಾರಿನಲ್ಲೂ ಮನುಷ್ಯರಿಲ್ಲ. ಡ್ರೈವರ್ ಸೀಟು ಖಾಲಿ. ಫುಟ್‌ಪಾತ್ ಮೇಲೂ ಯಾರೂ ಇಲ್ಲ. ಮೊದಲು ಇದು ವಿಚಿತ್ರ ಅನಿಸಿತು. ಆಮೇಲೆ ಮಾಡಿದವರ ಮೇಲೆ ಗೌರವ ಬಂತು. ಟೋ ಮಾಡಿಕೊಂಡು ಬಂದ ಗಾಡಿಯ ಬಾಗಿಲನ್ನು ಮೊದಲು ತೆಗೆಯುವವನು ನಾನು. ಸೀಟಿನ ಕೆಳಗೆ ಒಂಟಿ ಚಪ್ಪಲಿ ಸಿಗುತ್ತದೆ. ಹಾಲಿನ ಬಾಟಲಿ ಸಿಗುತ್ತದೆ. ಒಂದು ಸಲ ಮಲ್ಲಿಗೆ ದಂಡೆ ಸಿಕ್ಕಿತ್ತು, ಇನ್ನೂ ಬಾಡಿರಲಿಲ್ಲ. ಆ ದಿನ ನಾನು ಕೆಲಸ ಶುರು ಮಾಡಲಿಲ್ಲ. ಇದನ್ನೆಲ್ಲ ಕಂಡವನಿಗೆ ಗುದ್ದುವುದನ್ನು ನೋಡಿ ಖುಷಿಪಡುವುದು ಸಾಧ್ಯವೇ ಇಲ್ಲ ಅಂದುಕೊಂಡಿದ್ದೆ. ಇಲ್ಲಿ ಬಗ್ಗುವುದು ಬರೀ ಲೋಹ, ಒಡೆಯುವುದು ಬರೀ ಗಾಜು. ಮಗನಿಗೆ ಆಡಲು ಬಿಟ್ಟದ್ದು ಇದೇ ಕಾರಣಕ್ಕೆ. ಅವನು ಬೈಕ್ ಲೈಸೆನ್ಸ್ ಮಾಡಿಸಿದಾಗ ಶೆಡ್‌ಗೆ ಕರೆದು, ಗುದ್ದಿಕೊಂಡು ಬಂದಿದ್ದ ಒಂದು ಗಾಡಿಯ ಒಳಗನ್ನು ತೋರಿಸಿದೆ. ಅವನು ಏನೂ ಮಾತಾಡಲಿಲ್ಲ. ಆವತ್ತಿನಿಂದ ಹೆಲ್ಮೆಟ್ ಹುಡುಕಿಕೊಡುವ ಕೆಲಸ ಅವರಮ್ಮನಿಗೆ ತಪ್ಪಿದೆ.

ಕೊರತೆ ಹೇಳಲೇಬೇಕು. ರೇಸ್‌ನಲ್ಲಿ ದಾರಿ ಹಾಕಿಕೊಡುವುದಿಲ್ಲ, ಮೇಲುಗಡೆ ರಸ್ತೆಯ ಹೆಸರು ಮಿನುಗುತ್ತದೆ ಅಷ್ಟೇ. ಆ ವೇಗದಲ್ಲಿ ಹೆಸರು ಓದಿ ತಿರುಗುವಷ್ಟರಲ್ಲಿ ತಿರುವು ಹಿಂದೆ ಹೋಗಿರುತ್ತದೆ. ಸೋತರೆ ಊರಿನ ಇನ್ನೊಂದು ತುದಿಯಲ್ಲಿ ನಿಂತಿರುತ್ತೀರಿ. ಡಿಜೆ ಒಬ್ಬ ಇಂಗ್ಲಿಷಿನಲ್ಲಿ ಮಾತಾಡುತ್ತಲೇ ಇರುತ್ತಾನೆ, ಅವನ ದನಿ ತಗ್ಗಿಸಿಟ್ಟುಬಿಡಿ. ಹಾಗೆಯೇ 2008ರ ಆಟ ಅನ್ನುವುದು ಮರಗಿಡ, ಕಟ್ಟಡ ನೋಡಿದರೆ ಗೊತ್ತಾಗುತ್ತದೆ. ಓಟ ಮಾತ್ರ ಎಲ್ಲೂ ತಡವರಿಸುವುದಿಲ್ಲ.

ಗೆಲ್ಲುವ ಅವಸರ ಇಲ್ಲದವರಿಗೂ ಇಲ್ಲಿ ಕೆಲಸ ಜಾಸ್ತಿ ಇದೆ. ಮುರಿಯಲು 400 ಹಳದಿ ಬೇಲಿ, ಸೀಳಲು 120 ಕೆಂಪು ಹೋರ್ಡಿಂಗ್, ಹಾರಲು 50 ದೊಡ್ಡ ಜಿಗಿತ. ಸಿಲ್ಕ್ ಬೋರ್ಡ್‌ನಲ್ಲಿ ಮುಕ್ಕಾಲು ಗಂಟೆ ನಿಂತು ಬಂದ ರಾತ್ರಿ, ಆಟದ ಜಾಮ್ ಇಲ್ಲದ ಹೈವೇ ಮೇಲೆ ಅರ್ಧ ಗಂಟೆ ಸುಮ್ನೆ ಓಡಿಸಿ. 700 ರೂಪಾಯಿ ಅಲ್ಲಿಗೇ ಬಂತು.

ನಿನ್ನೆ ರಾತ್ರಿ ಮಗ ಒಂದು ಹೊಸ ಗಾಡಿ ಕೆಡವಿ ಮಲಗಿದ. ಅದು ಗುಜರಿಯಲ್ಲಿ ನಿಂತಿದೆ, ಎಡಗಡೆ ಪೂರ್ತಿ ಒಳಗೆ ಹೋಗಿದೆ. ರಿಪೇರಿಗೆ ಒಯ್ಯುವ ಕೆಲಸ ನನಗೆ ಬಿಟ್ಟಿದ್ದಾನೆ.