ಬಾಡಿಗೆ ಮನೆಯ ಕಿಟಕಿಗೆ ಸೆಕ್ಯುರಿಟಿ ಫಿಲ್ಮ್, ಕೀ ಹ್ಯಾಂಡಲ್, ಸೆನ್ಸರ್: ವರ್ಷಗಟ್ಟಲೆ ಬಳಸಿದ ಮೇಲೆ ಅನ್ನಿಸಿದ್ದು

ಮೊದಲೇ ಹೇಳಿಬಿಡುತ್ತೇನೆ. ಹೊರದೇಶದ ಬಾಡಿಗೆ ಮನೆಯ ಕಿಟಕಿಗಳಿಗೆ ನಾನು ಹಾಕಿಸಿದ ವಸ್ತುಗಳಲ್ಲಿ ಜಾಸ್ತಿ ದುಡ್ಡು ತಿಂದಿದ್ದು ಗಾಜಿನ ಮೇಲಿನ ಸೆಕ್ಯುರಿಟಿ ಫಿಲ್ಮ್. ಜಾಸ್ತಿ ನೆಮ್ಮದಿ ಕೊಟ್ಟಿದ್ದು ಅದರ ಹತ್ತನೇ ಒಂದು ಪಾಲೂ ಬೆಲೆಯಿಲ್ಲದ, ಕೀ ಇರುವ ಹ್ಯಾಂಡಲ್. ಸೆನ್ಸರ್, ಕ್ಯಾಮೆರಾ ಎಲ್ಲ ಆಮೇಲಿನ ಮಾತು.

ನನ್ನದು ನೆಲಮಹಡಿಯ ಮನೆ. ವರ್ಷಕ್ಕೊಮ್ಮೆ ಊರಿಗೆ ಹೋದರೆ ವಾರಗಟ್ಟಲೆ ಬೀಗ. ಕಂಬಿ ಹಾಕಿಸೋಣ ಅಂದರೆ ಮಾಲೀಕರು ಒಪ್ಪಲಿಲ್ಲ, ಒಪ್ಪಿದ್ದರೂ ಒಳಗಿನಿಂದ ತೆರೆಯಲಾಗದ ಕಂಬಿ ಬೆಂಕಿ ಬಿದ್ದಾಗ ನಮ್ಮನ್ನೇ ಕೂಡಿಹಾಕುತ್ತದೆ. ಹಾಗಾಗಿ ಏನೇ ಕೊಳ್ಳುವಾಗಲೂ ಎರಡು ಪ್ರಶ್ನೆ ಕೇಳುತ್ತಿದ್ದೆ. ಮನೆ ಬಿಡುವಾಗ ಇದನ್ನು ತೆಗೆಯಬಹುದಾ? ಕತ್ತಲಲ್ಲಿ, ಹೊಗೆಯಲ್ಲಿ, ಒಳಗಿದ್ದವರು ಇದನ್ನು ತೆರೆಯಬಲ್ಲರಾ?

ಫಿಲ್ಮ್ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕಂದರೆ ಮಾರುವವರು ಜಾಸ್ತಿ ಬಣ್ಣ ಹಚ್ಚುವುದು ಇದಕ್ಕೇ. ಇದು ದಪ್ಪನೆಯ ಪಾಲಿಯೆಸ್ಟರ್ ಹಾಳೆ, ಹಿಂದೆ ಗಟ್ಟಿ ಅಂಟು. ನಾನು ಹಾಕಿಸಿದ್ದು 8 ಮಿಲ್, ಅಂದರೆ ಸುಮಾರು 200 ಮೈಕ್ರಾನ್. ಮಿಲ್ ಅಂದರೆ ಮಿಲಿಮೀಟರ್ ಅಲ್ಲ, ಇಂಚಿನ ಸಾವಿರದಲ್ಲಿ ಒಂದು ಭಾಗ. ಗಾಜು ಒಡೆಯದಂತೆ ಇದು ತಡೆಯುವುದಿಲ್ಲ. ಗಾಜು ಒಡೆಯುತ್ತದೆ, ಚೂರುಗಳು ಮಾತ್ರ ಹಾಳೆಗೆ ಅಂಟಿಕೊಂಡು ನಿಲ್ಲುತ್ತವೆ. ಒಳಗೆ ನುಗ್ಗಬೇಕಾದವನು ಮತ್ತೆ ಮತ್ತೆ ಹೊಡೆಯಬೇಕು, ಸದ್ದು ಮಾಡಬೇಕು, ಸಮಯ ಕಳೆಯಬೇಕು. ಅಷ್ಟೇ ಇದರ ಕೆಲಸ, ಆದರೆ ಅದು ಸಣ್ಣ ಕೆಲಸವೇನಲ್ಲ.

ಅಂಟಿಸಿದ ಮೊದಲ ವಾರಗಳಲ್ಲಿ ಗಾಜು ಹಾಲು ಚೆಲ್ಲಿದಂತೆ ಮಸುಕಾಗಿ ಕಾಣುತ್ತಿತ್ತು. ಗಾಬರಿ ಬೇಡ. ಅಂಟಿಸುವಾಗ ಬಳಸಿದ ನೀರು ಒಳಗೆ ಸಿಕ್ಕಿಕೊಂಡಿರುತ್ತದೆ, ನಿಧಾನವಾಗಿ ಆರುತ್ತದೆ. ದಪ್ಪ ಫಿಲ್ಮ್ ಆದರೆ ತಿಂಗಳಿಗೂ ಮಿಕ್ಕಿ ಬೇಕು, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಅಲ್ಲಿವರೆಗೆ ಅದಕ್ಕೆ ಪೂರ್ತಿ ಬಲವೂ ಇರುವುದಿಲ್ಲ. ಅಂದರೆ ನಾಳೆ ಊರಿಗೆ ಹೊರಡುವವರು ಇವತ್ತು ಅಂಟಿಸಿಕೊಂಡು ಪ್ರಯೋಜನವಿಲ್ಲ.

ಇನ್ನೊಂದು ಮುಖ್ಯ ವಿಷಯ ಅಂಚು. ಕಣ್ಣಿಗೆ ಕಾಣುವ ಗಾಜಿಗಷ್ಟೇ ಹಾಳೆ ಅಂಟಿಸಿ ಹೋದರೆ, ಜೋರಾಗಿ ಹೊಡೆದಾಗ ಒಡೆದ ಗಾಜು ಹಾಳೆಯ ಸಮೇತ ಇಡಿಯಾಗಿ ಚೌಕಟ್ಟಿನಿಂದ ಕಳಚಿಕೊಳ್ಳಬಹುದು. ಅದಕ್ಕೇ ಅಂಚಿನ ಸುತ್ತ ಸ್ಟ್ರಕ್ಚರಲ್ ಸಿಲಿಕೋನ್ (ಭಾರ ತಡೆಯುವ ಗಟ್ಟಿ ಅಂಟು) ಹಾಕಿ ಹಾಳೆಯನ್ನು ಚೌಕಟ್ಟಿಗೆ ಬಿಗಿಯುತ್ತಾರೆ. ಹಲವರು ಕೊಟೇಶನ್‌ನಲ್ಲಿ ಇದನ್ನು ಸೇರಿಸಿರುವುದೇ ಇಲ್ಲ. ಕೇಳಿದರೆ ಮಾತ್ರ ಹೇಳುತ್ತಾರೆ, ಕೇಳಿ.

"ಪಿ2ಎ ಸರ್ಟಿಫಿಕೇಟ್ ಇದೆ" ಅಂತ ತೋರಿಸುತ್ತಾರಲ್ಲ, ಅದು ಯುರೋಪಿನ ಇಎನ್ 356 ಪರೀಕ್ಷೆಯದು. 4.11 ಕಿಲೋ ತೂಕದ ಉಕ್ಕಿನ ಗುಂಡನ್ನು 3 ಮೀಟರ್ ಎತ್ತರದಿಂದ ಗಾಜಿನ ಮೇಲೆ ಮೂರು ಸಲ ಬೀಳಿಸುತ್ತಾರೆ, ತೂರಿಕೊಂಡು ಹೋಗಬಾರದು. ಪಿ4ಎ ಆದರೆ 9 ಮೀಟರ್. ಆದರೆ ಆ ಅಂಕ ಅವರು ಪರೀಕ್ಷೆಗೆ ಒಡ್ಡಿದ ಗಾಜು ಮತ್ತು ಫಿಲ್ಮ್ ಎರಡೂ ಸೇರಿದ್ದಕ್ಕೆ ಸಿಕ್ಕಿದ್ದು. ನಿಮ್ಮ ಮನೆಯ ಹಳೆಯ ತೆಳು ಗಾಜಿಗೆ ಅದೇ ಅಂಕ ತಾನಾಗಿ ಬರುವುದಿಲ್ಲ, ಅಲ್ವಾ?

ನನ್ನ ಮನೆಯಲ್ಲಿ ಫಿಲ್ಮ್ ನಿಜವಾಗಿ ಪರೀಕ್ಷೆಗೆ ಬಿದ್ದದ್ದು ಕಳ್ಳನಿಂದಲ್ಲ. ಹುಲ್ಲು ಕತ್ತರಿಸುವ ಮಷೀನ್ ಎಸೆದ ಕಲ್ಲು ಬಾಗಿಲ ಪಕ್ಕದ ಒಂದೇ ಪದರದ ಗಾಜಿಗೆ ಬಡಿಯಿತು. ಗಾಜು ಪೂರ್ತಿ ಬಿರುಕು ಬಿಟ್ಟಿತು, ಒಂದು ಚೂರೂ ಒಳಗೆ ಬೀಳಲಿಲ್ಲ. ಗಾಜಿನವರು ಬರುವ ತನಕ ಹಾಗೇ ನಿಂತಿತ್ತು. ಇಷ್ಟಕ್ಕೆ ಪೂರ್ಣ ಅಂಕ. ಆದರೆ ಹೊಸ ಗಾಜು ಹಾಕಿದಾಗ ಫಿಲ್ಮ್ ಹಳೆಯದರ ಜೊತೆಗೇ ಹೋಯಿತು, ಮತ್ತೆ ಖರ್ಚು. ಇದನ್ನು ಯಾರೂ ಮೊದಲು ಹೇಳುವುದಿಲ್ಲ.

ಎರಡು ಪದರದ ಗಾಜಿದ್ದರೆ ಅಂಟಿಸುವ ಮೊದಲು ಗಾಜಿನ ವಾರಂಟಿ ಓದಿ, ಮಾಲೀಕರ ಒಪ್ಪಿಗೆಯನ್ನೂ ಬರಹದಲ್ಲೇ ಪಡೆಯಿರಿ. ಬಿಸಿಲು ತಡೆಯುವ ಬಣ್ಣದ ಫಿಲ್ಮ್ ಆದರೆ ಗಾಜು ಅಲ್ಲಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಕಾದು ತಾನಾಗೇ ಬಿರುಕು ಬಿಡಬಹುದು. ಪಾರದರ್ಶಕ ಫಿಲ್ಮ್‌ಗೆ ಈ ಕಾಟ ಕಡಿಮೆ.

ಈಗ ಹ್ಯಾಂಡಲ್. ಕಳ್ಳರು ಗಾಜು ಒಡೆದು ಬರುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಒಡೆದರೆ ಸದ್ದಾಗುತ್ತದೆ, ಕೈ ಕೊಯ್ಯುತ್ತದೆ. ಹಾಗಾಗಿ ದೊಡ್ಡ ಸ್ಕ್ರೂಡ್ರೈವರ್ ತೂರಿಸಿ ಚೌಕಟ್ಟನ್ನು ಮೀಟುವುದೇ ಅವರಿಗೆ ಸುಲಭ. ಇಲ್ಲದಿದ್ದರೆ ಹ್ಯಾಂಡಲ್ ಹತ್ತಿರ ಸಣ್ಣ ತೂತು ಮಾಡಿ, ಅದರಲ್ಲಿ ಏನಾದರೂ ತೂರಿಸಿ ತಿರುಗಿಸುತ್ತಾರೆ. ಈ ಎರಡನೆಯದಕ್ಕೆ ಕೀ ಹ್ಯಾಂಡಲ್ ಸರಿಯಾದ ಮದ್ದು. ಕೀ ಹಾಕಿದ್ದರೆ ತಿರುಗುವುದೇ ಇಲ್ಲ. ಯುರೋಪಿನಲ್ಲಿ ಒಳಕ್ಕೆ ಓರೆಯಾಗುವ ಕಿಟಕಿಗಳಿಗೆ ಹೆಚ್ಚಾಗಿ ಒಂದೇ ಅಳತೆಯ ಹ್ಯಾಂಡಲ್: ಹಿಂಬದಿಯಲ್ಲಿ 7 ಮಿಲಿಮೀಟರ್‌ನ ಚೌಕ ಸರಳು, ಸ್ಕ್ರೂಗಳ ನಡುವೆ 43 ಮಿಲಿಮೀಟರ್. ಎರಡು ಸ್ಕ್ರೂ ಬಿಚ್ಚಿ ಬದಲಾಯಿಸಿದರೆ ಆಯಿತು, ಹೊಸ ತೂತು ಬೇಡ. ಹಳೆಯ ಹ್ಯಾಂಡಲ್‌ಗಳನ್ನು ಡಬ್ಬಿಯಲ್ಲಿ ತೆಗೆದಿಟ್ಟಿದ್ದೇನೆ, ಮನೆ ಬಿಡುವಾಗ ಹಾಕಿಕೊಡಬೇಕಲ್ಲ. ಕೊಳ್ಳುವಾಗ 100 ನ್ಯೂಟನ್ ಮೀಟರ್ (ತಿರುಚುವ ಬಲದ ಅಳತೆ) ತಡೆಯುತ್ತದೆ ಅಂತ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಬಲವಂತವಾಗಿ ತಿರುಗಿಸಿದಾಗ ಒಳಗಿನ ಬೀಗವೇ ಮುರಿಯುತ್ತದೆ.

ಕೀ ಎಲ್ಲಿಡಬೇಕು ಅನ್ನುವುದೇ ದೊಡ್ಡ ಚರ್ಚೆ ನಮ್ಮ ಮನೆಯಲ್ಲಿ. ಕಿಟಕಿಯಿಂದ ಕೈ ಚಾಚಿದರೆ ಸಿಗಬಾರದು, ಮನೆಯವರೆಲ್ಲರಿಗೂ ಜಾಗ ಗೊತ್ತಿರಬೇಕು. ನಾವು ಮನೆಯಲ್ಲಿದ್ದಾಗ ಮಲಗುವ ಕೋಣೆಯ ಒಂದು ಕಿಟಕಿಗೆ ಕೀ ಹಾಕುವುದೇ ಇಲ್ಲ. ಆಚೆ ಹೋಗಲು ದಾರಿ ಬೇಕು.

ಆದರೆ ಮೀಟುವುದನ್ನು ಈ ಹ್ಯಾಂಡಲ್ ತಡೆಯುವುದಿಲ್ಲ. ಅದಕ್ಕೆ ಕಿಟಕಿ ರೆಕ್ಕೆಯ ಅಂಚಿನಲ್ಲಿರುವ ಲೋಹದ ಪಟ್ಟಿ ನೋಡಿ. ಕಿಟಕಿಯನ್ನು ಚೌಕಟ್ಟಿಗೆ ಕಚ್ಚಿಸುವ ಅಲ್ಲಿನ ಗುಬಟುಗಳು ಬರೀ ಉರುಟಾಗಿದ್ದರೆ ಸುಲಭವಾಗಿ ಕಳಚುತ್ತವೆ. ಅಣಬೆ ಆಕಾರದ ತಲೆ ಇದ್ದರೆ ಚೌಕಟ್ಟಿನಲ್ಲಿರುವ ಎದುರಿನ ತಗಡಿನ ಹಿಂದೆ ಕಚ್ಚಿಕೊಳ್ಳುತ್ತವೆ. ಆರ್‌ಸಿ2 (ಕಳ್ಳತನ ತಡೆಯುವ ಯುರೋಪಿನ ದರ್ಜೆ) ಅಂತ ಗುರುತಿರುವ ಕಿಟಕಿ ಅಂದರೆ ಸ್ಕ್ರೂಡ್ರೈವರ್‌ನಂಥ ಸಾದಾ ಉಪಕರಣಗಳನ್ನು 3 ನಿಮಿಷ ತಡೆಯುವಂಥದ್ದು. 3 ನಿಮಿಷ ಏನು ಮಹಾ ಅನ್ನಬೇಡಿ, ಮೀಟುವವನಿಗೆ ಅದು ಬಹಳ ಹೊತ್ತು. ಮನೆ ನೋಡಲು ಹೋದಾಗಲೇ ಈ ಗುಬಟು ನೋಡಿಬಿಟ್ಟರೆ ಒಳ್ಳೆಯದು, ಏಜೆಂಟ್ ವಿಚಿತ್ರವಾಗಿ ನೋಡಿದರೆ ನೋಡಲಿ.

ಮಕ್ಕಳಿರುವ ಮಹಡಿ ಮನೆಯವರಿಗೆ ಕೇಬಲ್ ರಿಸ್ಟ್ರಿಕ್ಟರ್ ಬೇರೆಯದೇ ವಸ್ತು. ಕಿಟಕಿ 100 ಮಿಲಿಮೀಟರ್‌ಗಿಂತ ಜಾಸ್ತಿ ತೆರೆಯದಂತೆ ಹಿಡಿಯುತ್ತದೆ. ಮಗು ಬೀಳದಿರಲಿ ಅಂತ ಮಾಡಿದ್ದು, ಕಳ್ಳನಿಗಲ್ಲ. ಸೊಳ್ಳೆ ಪರದೆ ಮಗುವಿನ ಭಾರ ತಡೆಯುವುದಿಲ್ಲ, ಅದನ್ನು ನಂಬಬೇಡಿ. ಕಿಟಕಿ ಕೆಳಗಿರುವ ಕುರ್ಚಿ, ಮಂಚ ದೂರ ಸರಿಸಿ. ಮೊದಲಿದ್ದ ಮನೆಯಲ್ಲಿ ಹಾಕಿದ್ದೆ, ಗಟ್ಟಿಯಾಗೇ ಇತ್ತು, ಸ್ಕ್ರೂ ತೂತಿಗೆ ಮಾತ್ರ ಡೆಪಾಸಿಟ್‌ನಲ್ಲಿ ಹಣ ಹಿಡಿದರು.

ಸೆನ್ಸರ್‌ಗಳ ವಿಷಯಕ್ಕೆ ಬಂದರೆ ನನ್ನ ಉತ್ಸಾಹ ಕಡಿಮೆ. ಒಂದು ಕಡೆ ಆಯಸ್ಕಾಂತ, ಇನ್ನೊಂದು ಕಡೆ ಆಯಸ್ಕಾಂತಕ್ಕೆ ಸ್ಪಂದಿಸುವ ರೀಡ್ ಸ್ವಿಚ್, ದೂರವಾದರೆ ಸಂದೇಶ. ಕಿಟಕಿ ಮುಚ್ಚಿದೆ ಅಂತ ಫೋನ್ ಹೇಳುತ್ತದೆ, ಹ್ಯಾಂಡಲ್ ತಿರುಗಿಸಿ ಭದ್ರ ಮಾಡಿದ್ದೀರಾ ಅನ್ನುವುದು ಅದಕ್ಕೆ ತಿಳಿಯದು. ಸುಮ್ನೆ ಒತ್ತಿಟ್ಟ ಕಿಟಕಿಯೂ ಅದರ ಲೆಕ್ಕದಲ್ಲಿ ಮುಚ್ಚಿದ್ದೇ. ಚಳಿಯಲ್ಲಿ ಚೌಕಟ್ಟಿನ ಮೇಲಿನ ಗುಂಡಿ ಬ್ಯಾಟರಿ ಬೇಗ ಸೋಲುತ್ತದೆ, ನಾವು ಊರಲ್ಲಿರುವಾಗಲೇ "ಬ್ಯಾಟರಿ ಕಡಿಮೆ" ಬರುತ್ತದೆ.

ದೇಶ ಬದಲಿಸುವವರಿಗೆ ಒಂದು ಎಚ್ಚರಿಕೆ. ಝಡ್-ವೇವ್ ಅನ್ನುವ ವೈರ್‌ಲೆಸ್ ಪದ್ಧತಿಯ ಉಪಕರಣಗಳು ಒಂದೊಂದು ಕಡೆ ಒಂದೊಂದು ತರಂಗದಲ್ಲಿ ಕೆಲಸ ಮಾಡುತ್ತವೆ: ಯುರೋಪಿನಲ್ಲಿ 868.42 ಮೆಗಾಹರ್ಟ್ಸ್, ಅಮೆರಿಕದಲ್ಲಿ 908.42. ಅಮೆರಿಕದಿಂದ ತಂದ ಸೆನ್ಸರ್, ಸೆನ್ಸರ್‌ಗಳನ್ನೆಲ್ಲ ಜೋಡಿಸುವ ಯುರೋಪಿನ ಹಬ್ ಜೊತೆ ಮಾತಾಡುವುದಿಲ್ಲ. ಅಂಥದ್ದೇ ಇನ್ನೊಂದು ಪದ್ಧತಿ ಝಿಗ್‌ಬೀ ಸಾಮಾನ್ಯವಾಗಿ ಎಲ್ಲೆಡೆ 2.4 ಗಿಗಾಹರ್ಟ್ಸ್‌ನಲ್ಲೇ ಇರುವುದರಿಂದ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗಬಹುದು.

ಅಲಾರಂ ಬಂದಮೇಲೆ ಏನು ಮಾಡುತ್ತೀರಿ? ಊರಲ್ಲಿ ಕೂತು 112 ಒತ್ತಿದರೆ ಆ ಊರಿನ ಪೊಲೀಸರಿಗೆ ಹೋಗುತ್ತದೆ, ನಿಮ್ಮ ಮನೆಯಿರುವ ದೇಶಕ್ಕಲ್ಲ. ಅಲ್ಲಿನ ಠಾಣೆಯ ಪೂರ್ತಿ ನಂಬರ್ ದೇಶದ ಕೋಡ್ ಸಮೇತ ಬರೆದಿಟ್ಟುಕೊಳ್ಳಿ, ಹತ್ತಿರದಲ್ಲಿ ಒಬ್ಬರ ಬಳಿ ಕೀ ಇರಲಿ. ಆ್ಯಪ್‌ನ ಒಟಿಪಿ ಅಲ್ಲಿನ ಸಿಮ್‌ಗೆ ಬರುತ್ತಿದ್ದರೆ ಆ ಸಿಮ್ ರೋಮಿಂಗ್‌ನಲ್ಲಿ ಬದುಕಿದೆಯಾ ಅಂತ ಹೊರಡುವ ಮೊದಲೇ ನೋಡಿ. ನನ್ನ ಅಲಾರಂ ಸೇವೆಯವರು ಈ ವಿಷಯದಲ್ಲಿ ಯಾವ ಸಹಾಯವನ್ನೂ ಮಾಡಲಿಲ್ಲ, ಚಂದಾ ಮಾತ್ರ ತಪ್ಪದೆ ಕತ್ತರಿಸಿದರು. ನಿಲ್ಲಿಸಿದೆ.

ಕ್ಯಾಮೆರಾವನ್ನು ಕಿಟಕಿಯ ಒಳಗಿಟ್ಟು ಹೊರಗೆ ತೋರಿಸುವ ಉಪಾಯ ಬಿಡಿ. ರಾತ್ರಿ ಅದರ ಇನ್‌ಫ್ರಾರೆಡ್ ಬೆಳಕು ಗಾಜಿಗೆ ಬಡಿದು ವಾಪಸ್ ಬರುತ್ತದೆ, ಬಿಳಿ ಮಸುಕು ಬಿಟ್ಟರೆ ಏನೂ ಕಾಣದು. ದೇಹದ ಬಿಸಿ ಗ್ರಹಿಸುವ ಮೋಷನ್ ಸೆನ್ಸರ್‌ಗೂ ಗಾಜು ಅಡ್ಡಿ. ಹೊರಗಿಟ್ಟು ರಸ್ತೆ ಕಡೆ ತಿರುಗಿಸಿದರೆ ಯುರೋಪಿನಲ್ಲಿ ಖಾಸಗಿ ಮಾಹಿತಿ ರಕ್ಷಣೆಯ ಕಾನೂನೂ ಅಡ್ಡ ಬರುತ್ತದೆ. ಮನೆಯ ಕ್ಯಾಮೆರಾ ಸಾರ್ವಜನಿಕ ಜಾಗವನ್ನೂ ಹಿಡಿಯುತ್ತಿದ್ದರೆ ಅದು ಬರೀ ಮನೆಬಳಕೆ ಅನ್ನಿಸಿಕೊಳ್ಳದು ಅಂತ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2014ರಲ್ಲೇ ಹೇಳಿದೆ. ನನ್ನದು ಈಗ ಒಳಗಿನ ಬಾಗಿಲನ್ನಷ್ಟೇ ನೋಡುತ್ತದೆ.

ಇನ್ಶೂರೆನ್ಸ್ ಪಾಲಿಸಿಯನ್ನೂ ಈ ವಸ್ತುಗಳ ಜೊತೆಗೇ ಓದಿ. ಓರೆಯಾಗಿ ತೆರೆದಿಟ್ಟ ಕಿಟಕಿಯನ್ನು ಎಷ್ಟೋ ಕಂಪನಿಗಳು ತೆರೆದ ಕಿಟಕಿ ಅಂತಲೇ ನೋಡುತ್ತವೆ. ಮನೆ 30 ಅಥವಾ 60 ದಿನ ಸತತವಾಗಿ ಖಾಲಿಯಿದ್ದರೆ ಕಳ್ಳತನಕ್ಕೆ ಪರಿಹಾರವಿಲ್ಲ ಅನ್ನುವ ಷರತ್ತು ಹಲವು ಪಾಲಿಸಿಗಳಲ್ಲಿದೆ. ದೊಡ್ಡ ರಜೆಗೆ ಊರಿಗೆ ಹೋಗುವವರು ಸಿಕ್ಕಿಬೀಳುವುದು ಇಲ್ಲೇ. ಫಿಲ್ಮ್‌ಗೆ ಕೊಡುವ ದುಡ್ಡಿಗಿಂತ ಈ ಒಂದು ಪುಟ ಓದಿದ್ದರಿಂದ ನನಗೆ ಜಾಸ್ತಿ ಉಪಯೋಗವಾಗಿದೆ.

ಬಚ್ಚಲಿನ ಕಿಟಕಿಯಲ್ಲಿ ಫಿಲ್ಮ್‌ನ ಒಂದು ಮೂಲೆ ಎದ್ದಿದ್ದರಿಂದ ಅದನ್ನು ಕಿತ್ತು ನೋಡಿದೆ. ಸೋಪಿನ ನೀರು ಚಿಮುಕಿಸಿ, ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ, ಪಟ್ಟಿ ಪಟ್ಟಿಯಾಗಿ ಕೊಯ್ದು ಎಳೆಯಬೇಕು. ಹಾಳೆ ಹೇಗೋ ಬರುತ್ತದೆ, ಅಂಟು ಉಜ್ಜುವುದೇ ಸಾಕುಬೇಕಾಗುತ್ತದೆ, ಸಿಲಿಕೋನ್ ಅಂಚಂತೂ ಕೇಳಬೇಡಿ. ಮುಂದಿನ ಮನೆಯಲ್ಲಿ ಬಾಗಿಲ ಪಕ್ಕದ ಗಾಜಿಗಷ್ಟೇ ಫಿಲ್ಮ್ ಹಾಕಿಸುತ್ತೇನೆ. ಹ್ಯಾಂಡಲ್‌ಗಳನ್ನು ಮಾತ್ರ ಬಿಚ್ಚಿಕೊಂಡೇ ಹೋಗುತ್ತೇನೆ.