ನೇರಪ್ರಸಾರವೋ, ಹೈಲೈಟ್ಸೋ, ಬರಹದ ಲೈವೋ: ಸೈಕಲ್ ರೇಸಿನ ಮೂರು ವಾರಕ್ಕೆ ನನಗೆ ಒಗ್ಗಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬರಹದ ಲೈವ್‌ಗೆ. ಫೋನ್ ತೆರೆದರೆ ಇಟಲಿಯಲ್ಲೋ ಫ್ರಾನ್ಸಿನಲ್ಲೋ ನಡೆಯುತ್ತಿರುವ ರೇಸಿನ ಸುದ್ದಿ ಎರಡು ಮೂರು ನಿಮಿಷಕ್ಕೊಂದು ಸಾಲಾಗಿ ಬೀಳುತ್ತಾ ಹೋಗುತ್ತದಲ್ಲ, ಅದಕ್ಕೆ. ಹಾಗಿದ್ದೂ 2025ರ ಮೇ ತಿಂಗಳಲ್ಲಿ, ಇಟಲಿಯ ಮೂರು ವಾರದ ರೇಸು ಜಿರೊ ದ'ಇಟಾಲಿಯಾ ಶುರುವಾಗುವ ಹಿಂದಿನ ದಿನ, ಪೂರ್ತಿ ನೇರಪ್ರಸಾರ ಕೊಡುವ ಒಂದು ಆ್ಯಪಿಗೆ ವರ್ಷದ ಚಂದಾ ಕಟ್ಟಿದೆ. ಸಾವಿರ ಚಿಲ್ಲರೆ ರೂಪಾಯಿ. ಐದು ವರ್ಷ ಅಕ್ಷರದಲ್ಲಿ ಓದಿದ್ದನ್ನು ಒಂದು ಸಲ ಕಣ್ತುಂಬ ನೋಡಬೇಕೆಂಬ ಆಸೆ. ಆ ಚಂದಾ ಕೊಟ್ಟ ಬೇಸರ ಇನ್ನೂ ಇಳಿದಿಲ್ಲ, ಅದಕ್ಕೇ ಈ ಹೋಲಿಕೆ.

ನನ್ನ ದಿನಚರಿ ಹೇಳದೆ ಇದು ಅರ್ಥವಾಗುವುದಿಲ್ಲ. ಶಿವಮೊಗ್ಗದಲ್ಲಿ ನನ್ನದೊಂದು ಮೆಡಿಕಲ್ ಶಾಪ್. ಶಟರ್ ಎಳೆಯುವುದು ರಾತ್ರಿ ಒಂಬತ್ತೂವರೆಗೆ. ಯುರೋಪಿಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ. ಅಲ್ಲಿ ಸಂಜೆ ಐದು, ಐದೂವರೆಗೆ ಮುಗಿಯುವ ಸ್ಟೇಜು, ಅಂದರೆ ಒಂದು ದಿನದ ಓಟ, ನಮಗೆ ಎಂಟೂವರೆ, ಒಂಬತ್ತಕ್ಕೆ ಮುಗಿಯುತ್ತದೆ. ಸ್ಪೇನಿನ ಮೂರು ವಾರದ ರೇಸು ವುಯೆಲ್ಟಾ ಇನ್ನೂ ಸ್ವಲ್ಪ ತಡ. ಅಂದರೆ ಕೊನೆಯ ಬೆಟ್ಟದ ಬುಡಕ್ಕೆ ಅವರು ಬರುವ ಹೊತ್ತಿಗೆ ಸರಿಯಾಗಿ ನಮ್ಮ ಬೀದಿಯ ಕ್ಲಿನಿಕ್ಕುಗಳಿಂದ ಚೀಟಿ ಹಿಡಿದವರು ನನ್ನ ಕೌಂಟರಿಗೆ ಬರುತ್ತಾರೆ. ಮಾತ್ರೆ ಎಣಿಸುವಾಗ ಪರದೆ ನೋಡುವಂತಿಲ್ಲ. ನೋಡಲೂಬಾರದು.

ಹುಟ್ಟಿದ್ದು ಜಮಖಂಡಿಯಲ್ಲಿ. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಸೈಕಲ್ ರೇಸ್ ಹೊಸದಲ್ಲ, ರಸ್ತೆ ಬದಿ ನಿಂತು ಚಪ್ಪಾಳೆ ತಟ್ಟಿ ಬೆಳೆದವರು ನಾವು. ಆದರೆ 21 ಸ್ಟೇಜು, ಮೂರು ವಾರ, ಮೂರು ಸಾವಿರ ಕಿಲೋಮೀಟರಿಗೂ ಮೀರಿದ ರೇಸ್ ಒಂದಿದೆ, ಅದರಲ್ಲಿ ದಿನಾ ಗೆಲ್ಲುವವನಲ್ಲ, ಒಟ್ಟು ಸಮಯ ಕಡಿಮೆ ತೆಗೆದುಕೊಂಡವನೇ ಗೆಲ್ಲುತ್ತಾನೆ ಎಂಬುದು ನನ್ನ ತಲೆಗೆ ಹೊಕ್ಕಿದ್ದು 2020ರಲ್ಲಿ. ಕೋವಿಡ್‌ನಿಂದಾಗಿ ಆ ವರ್ಷದ ಟೂರ್ ಡಿ ಫ್ರಾನ್ಸ್ ಜುಲೈ ಬಿಟ್ಟು ಆಗಸ್ಟ್ 29ಕ್ಕೆ ಶುರುವಾಗಿತ್ತು. ಊರೆಲ್ಲ ಬಾಗಿಲು ಹಾಕಿಕೊಂಡ ಸಂಜೆಗಳಲ್ಲೂ ತೆರೆದಿರುತ್ತಿದ್ದ ನಮ್ಮಂಥ ಅಂಗಡಿಗಳಲ್ಲಿ, ಹೊರಗೆ ಸುಣ್ಣದ ವೃತ್ತಗಳೊಳಗೆ ಜನ ನಿಂತಿರುವಾಗ, ನಾನು ಬಿಡುವು ಸಿಕ್ಕಾಗಲೆಲ್ಲ ಲೈವ್ ಸಾಲುಗಳನ್ನು ಓದುತ್ತಿದ್ದೆ.

ಸೆಪ್ಟೆಂಬರ್ 19. ಟೈಮ್ ಟ್ರಯಲ್ (ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರದಲ್ಲಿ ಅಳೆಯುವ ಓಟ), 36.2 ಕಿಲೋಮೀಟರ್, ಕೊನೆಗೆ ಲಾ ಪ್ಲಾಂಶ್ ದೆ ಬೆಲ್ ಫೀ ಎಂಬ ಬೆಟ್ಟ. ಒಟ್ಟು ಸಮಯದಲ್ಲಿ ಮುಂದಿರುವವನು ತೊಡುವ ಹಳದಿ ಅಂಗಿಯ ಪ್ರಿಮೊಜ್ ರೊಗ್ಲಿಚ್‌ಗೆ 57 ಸೆಕೆಂಡಿನ ಮುನ್ನಡೆ, ಹಿಂದೆ ಅದೇ ಸ್ಲೊವೇನಿಯಾದ 21ರ ಹುಡುಗ ತಾದೇಯ್ ಪೊಗಾಚಾರ್. ಪ್ರತಿ ಸಲ ಫೋನ್ ನೋಡಿದಾಗಲೂ ಆ 57 ಕರಗಿರುತ್ತಿತ್ತು. ಒಬ್ಬರಿಗೆ ಪ್ಯಾರಾಸಿಟಮಾಲ್ ಕೊಟ್ಟು ಚಿಲ್ಲರೆ ಎಣಿಸಿ ಬರುವಷ್ಟರಲ್ಲಿ ಸೊನ್ನೆ ದಾಟಿ ಆ ಕಡೆ ಹೋಗಿತ್ತು. ಕೊನೆಗೆ ಪೊಗಾಚಾರ್ ಟೂರ್ ಗೆದ್ದದ್ದು 59 ಸೆಕೆಂಡಿನಿಂದ. ಒಂದೇ ಒಂದು ಚಿತ್ರ ನೋಡದೆ ನನ್ನ ಮೈ ನಡುಗಿತ್ತು. ಇದು ನನ್ನ ಅಳತೆಗೋಲು. ಮುಂದಿನದೆಲ್ಲ ಇದರ ಪಕ್ಕದಲ್ಲಿಟ್ಟು ನೋಡಿದ್ದು.

ಈಗ ಆ ಆ್ಯಪು. ಚಿತ್ರ ಚೆನ್ನಾಗಿದೆ, ಜಾಹೀರಾತು ಕಡಿಮೆ, ಹೆಲಿಕಾಪ್ಟರಿನಿಂದ ಕಾಣುವ ಆಲ್ಪ್ಸ್ ಪರ್ವತ ನೋಡಿ ಮನೆಯವಳೂ ಬಂದು ಕೂರುತ್ತಿದ್ದಳು. ಸಂಜೆ ನೋಡಲಾಗದ ನಾನು ಹಾಕಿಕೊಂಡ ಲೆಕ್ಕ ಸರಳ: ಹತ್ತಕ್ಕೆ ಮನೆ, ಊಟ, ಹತ್ತೂವರೆಯಿಂದ ಮರುಪ್ರಸಾರ. ಫಲಿತಾಂಶ ಗೊತ್ತಿಲ್ಲದೆ ಕೂತರೆ ಮರುಪ್ರಸಾರವೂ ನೇರಪ್ರಸಾರವೇ ಅಲ್ಲವೇ?

ಗೊತ್ತಿಲ್ಲದೆ ಕೂರಲು ಆ ಆ್ಯಪು ಬಿಡುವುದಿಲ್ಲ. ತೆರೆದ ಕೂಡಲೇ ಮೇಲ್ಗಡೆ ಅಂಗೈಯಗಲದ ಒಂದು ಚಿತ್ರ, ಅದರಲ್ಲಿ ಆ ದಿನ ಗೆದ್ದವನು ಎರಡೂ ಕೈ ಮೇಲೆತ್ತಿದ್ದಾನೆ. ಎರಡನೇ ದಿನಕ್ಕೇ ಇದು ಗೊತ್ತಾಯಿತು. ಸೆಟ್ಟಿಂಗ್ಸ್‌ನಲ್ಲಿ ಫಲಿತಾಂಶ ಮುಚ್ಚಿಡುವ ಒಂದು ಗುಂಡಿ ಸಿಕ್ಕಿತು, ಒತ್ತಿದೆ. ಅದು ಮುಚ್ಚಿದ್ದು ಅಕ್ಷರವನ್ನು ಮಾತ್ರ. ಚಿತ್ರ ಹಾಗೇ ಉಳಿಯಿತು. ನೋಟಿಫಿಕೇಶನ್ ನಿಲ್ಲಿಸಿದೆ. ಆಮೇಲೆ ಕಂಡದ್ದು ಇನ್ನೊಂದು ತೊಡಕು: ಮರುಪ್ರಸಾರದ ಕೊಂಡಿ ಹುಡುಕಿ ಕೆಳಗೆ ಸರಿದರೆ ದಾರಿಯಲ್ಲಿ ನಾಳಿನ ಸ್ಟೇಜಿನ ಚೌಕ ಸಿಗುತ್ತದೆ, ಅದರ ಮೇಲೆ ಇವತ್ತು ಗುಲಾಬಿ ಅಂಗಿ (ಜಿರೊದಲ್ಲಿ ಮುಂದಿರುವವನದು) ಹಾಕಿಕೊಂಡವನ ಮುಖ. ಒಂದು ಕದ ಮುಚ್ಚಿದರೆ ಇನ್ನೊಂದು ತೆರೆದಿರುತ್ತಿತ್ತು.

ಕೊನೆಗೆ ಮಗಳಿಗೆ ಹೇಳಿದೆ. ಪಿಯುಸಿ ಓದುವ ಹುಡುಗಿ, ರೇಸಿನ ಮೇಲೆ ಅವಳಿಗೇನೂ ಆಸಕ್ತಿ ಇರಲಿಲ್ಲ. ಆದರೂ ರಾತ್ರಿ ನಾನು ಕೈ ತೊಳೆದು ಬರುವ ಹೊತ್ತಿಗೆ ಫೋನ್ ತೆಗೆದುಕೊಂಡು, "ಅಪ್ಪ, ಆ ಕಡೆ ತಿರುಗು" ಅಂತ ಹೇಳಿ, ಸರಿಯಾದ ಜಾಗ ಹುಡುಕಿ, ಮೊದಲ ಕಿಲೋಮೀಟರಿಗೆ ತಂದು ನಿಲ್ಲಿಸಿ ಕೊಡುತ್ತಿದ್ದಳು. ಗೆದ್ದವನ ಹೆಸರು ಅವಳಿಗೆ ಗೊತ್ತಿರುತ್ತಿತ್ತು. ಮುಖದಲ್ಲಿ ಒಂದು ಚೂರೂ ತೋರಿಸುತ್ತಿರಲಿಲ್ಲ. ಹೀಗೆ ಎರಡು ವಾರಕ್ಕೂ ಮಿಕ್ಕಿ ನಡೆಯಿತು.

ಮೇ 31, ಶನಿವಾರ, 20ನೇ ಸ್ಟೇಜು. ಮಗಳು ಅಜ್ಜಿ ಮನೆಗೆ ಜಮಖಂಡಿಗೆ ಹೋಗಿದ್ದಳು. ಆ ದಿನ ಕೊಲ್ಲೆ ದೆಲ್ಲೆ ಫಿನೆಸ್ತ್ರೆ ಎಂಬ ಬೆಟ್ಟ ಇತ್ತು: 18.5 ಕಿಲೋಮೀಟರ್ ಉದ್ದ, ಸರಾಸರಿ ಶೇಕಡಾ 9ಕ್ಕೂ ಹೆಚ್ಚಿನ ಏರು, ಮೇಲಿನ ಎಂಟು ಕಿಲೋಮೀಟರಿನಷ್ಟು ಡಾಂಬರಿಲ್ಲದ ಜಲ್ಲಿ ದಾರಿ. ಇದೇ ಬೆಟ್ಟದಲ್ಲಿ 2018ರಲ್ಲಿ, ಹದಿಮೂರು ದಿನ ಗುಲಾಬಿ ಅಂಗಿ ತೊಟ್ಟಿದ್ದ ಬ್ರಿಟನ್ನಿನ ಸೈಮನ್ ಯೇಟ್ಸ್ ಕುಸಿದು ಅರ್ಧ ಗಂಟೆಗೂ ಹೆಚ್ಚು ಕಳೆದುಕೊಂಡಿದ್ದ. ಅದೇ ದಿನ ಕ್ರಿಸ್ ಫ್ರೂಮ್ 80 ಕಿಲೋಮೀಟರ್ ಒಬ್ಬನೇ ತುಳಿದು ಜಿರೊ ಕಸಿದುಕೊಂಡಿದ್ದ. ಏಳು ವರ್ಷದ ಮೇಲೆ ಯೇಟ್ಸ್ ಮತ್ತೆ ಅದೇ ಬುಡಕ್ಕೆ ಬಂದಿದ್ದಾನೆ, ಗುಲಾಬಿ ಅಂಗಿಯಲ್ಲಿದ್ದ ಮೆಕ್ಸಿಕೋದ ಇಸಾಕ್ ಡೆಲ್ ಟೊರೊಗಿಂತ 1 ನಿಮಿಷ 21 ಸೆಕೆಂಡ್ ಹಿಂದೆ, ಮೂರನೇ ಸ್ಥಾನದಲ್ಲಿ. ಅಂಗಡಿಯಲ್ಲಿ ಸಂಜೆಯೆಲ್ಲ ಫೋನ್ ಮುಟ್ಟಲಿಲ್ಲ. ಮನೆಗೆ ಬಂದು, ಚಿತ್ರ ಇರುವ ಜಾಗಕ್ಕೆ ಎಡಗೈ ಅಡ್ಡ ಹಿಡಿದು ಆ್ಯಪ್ ತೆರೆದೆ. ಅವತ್ತು ಚಿತ್ರ ಇಡೀ ಪರದೆಗೆ ಬಂದಿತ್ತು. ಗುಲಾಬಿ ಅಂಗಿಯಲ್ಲಿ ಅಳುತ್ತಿರುವ ಯೇಟ್ಸ್.

ಅವನು ಗೆದ್ದದ್ದಕ್ಕೆ ನನಗಿಂತ ಸಂತೋಷಪಟ್ಟವರು ನಮ್ಮ ಊರಲ್ಲಿ ಇರಲಿಕ್ಕಿಲ್ಲ. ಆದರೆ ಆ ಸಂತೋಷಕ್ಕೆ ನಾನು ಕಿಲೋಮೀಟರ್ ಕಿಲೋಮೀಟರಾಗಿ ಏರಿ ಹೋಗಬೇಕಿತ್ತು. ಕೆಳಗಿನಿಂದ ಮೇಲೆ ಬರಬೇಕಾದವನನ್ನು ತುದಿಯಲ್ಲಿ ತಂದು ಇಳಿಸಿಬಿಟ್ಟರು. ಆ್ಯಪಿನವರಿಗೆ ಬರೆದೆ. ಅಭಿಪ್ರಾಯವನ್ನು ಸಂಬಂಧಪಟ್ಟವರಿಗೆ ತಲುಪಿಸಿದ್ದೇವೆ ಎಂದು ಉತ್ತರ ಬಂತು. ಜುಲೈನಲ್ಲೂ ಚಿತ್ರ ಹಾಗೇ ಇತ್ತು.

ಹಾಗಂತ ಅನ್ಯಾಯದ ಮಾತು ಆಡುವುದಿಲ್ಲ. ಫಲಿತಾಂಶ ಗೊತ್ತಿದ್ದೂ ಆ ರಾತ್ರಿ ಪೂರ್ತಿ ನೋಡಿದೆ. ಯೇಟ್ಸ್ ಎದ್ದು ಹೋದ ಮೇಲೆ ಡೆಲ್ ಟೊರೊ ಮತ್ತು ಈಕ್ವೆಡಾರಿನ ರಿಚರ್ಡ್ ಕರಪಾಸ್ ಒಬ್ಬರ ಮುಖ ಒಬ್ಬರು ನೋಡುತ್ತಾ, ಮುಂದೆ ನಿಂತು ಗಾಳಿ ತಡೆಯಲು ನೀನು ಎಳಿ ನೀನು ಎಳಿ ಎಂಬಂತೆ ಉಳಿದದ್ದು, ಮೊದಲೇ ಮುಂದೆ ಹೋಗಿದ್ದ ತಂಡದ ಜೊತೆಗಾರ ವೌಟ್ ವಾನ್ ಆರ್ಟ್ ಬೆಟ್ಟದಾಚೆ ಯೇಟ್ಸ್‌ಗೆ ಜೊತೆಯಾಗಿ ಕಣಿವೆಯಲ್ಲಿ ಗಾಳಿಗೆ ಎದೆಕೊಟ್ಟು ಎಳೆದದ್ದು, ಇವನ್ನು ಕಣ್ಣಲ್ಲೇ ನೋಡಬೇಕು. ಕೊನೆಗೆ ಯೇಟ್ಸ್ ಜಿರೊ ಗೆದ್ದದ್ದು 3 ನಿಮಿಷ 56 ಸೆಕೆಂಡಿನಿಂದ. ಆ ಇಬ್ಬರ ನೋಟವನ್ನು ಯಾವ ಲೈವ್ ಬರಹವೂ ಕೊಡಲಾರದು, ಒಪ್ಪುತ್ತೇನೆ.

ಹೈಲೈಟ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಟ್ಟಿ, ಬೆಳಗಿನ ಕಾಫಿ ಜೊತೆ ಮುಗಿಯುತ್ತದೆ. ಬಯಲಿನ ಸ್ಟೇಜಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಯಾಕೆಂದರೆ ನಾಲ್ಕೈದು ತಾಸಿನ ಸವಾರಿಯ ಫಲ ಕೊನೆಯ ಕೆಲವೇ ನಿಮಿಷದ ಸ್ಪ್ರಿಂಟಿನಲ್ಲಿ. 2024ರ ಜುಲೈ 3ರಂದು ಮಾರ್ಕ್ ಕ್ಯಾವೆಂಡಿಶ್ ತನ್ನ 35ನೇ ಟೂರ್ ಸ್ಟೇಜ್ ಗೆದ್ದು ಎಡ್ಡಿ ಮರ್ಕ್ಸ್‌ರ 34ರ ದಾಖಲೆ ದಾಟಿದ್ದನ್ನು ಹತ್ತು ಸಲವಾದರೂ ಹೀಗೇ ನೋಡಿದ್ದೇನೆ. ಬೆಟ್ಟದ ದಿನಕ್ಕೆ ಮಾತ್ರ ಬೇಡ. ಏಟು, ಅಂದರೆ ಒಬ್ಬ ಇದ್ದಕ್ಕಿದ್ದಂತೆ ಎಲ್ಲರನ್ನೂ ಬಿಟ್ಟು ಮುಂದೆ ಹೋಗುವುದನ್ನು ತೋರಿಸುತ್ತಾರೆ, ಏಟು ಬೀಳುವ ಮೊದಲು ಒಂದು ತಂಡ ಎರಡು ಗಂಟೆ ಮುಂದೆ ನಿಂತು ಎಲ್ಲರ ಕಾಲು ಸೋಲಿಸಿದ್ದನ್ನು ತೋರಿಸುವುದಿಲ್ಲ.

ಇನ್ನು ನನ್ನ ಮೆಚ್ಚಿನದು. ಈ ರೇಸಿನ ಜೀವ ಇರುವುದು ಅಂತರದಲ್ಲಿ, ಮುಂದಿನವರಿಗೂ ಹಿಂದಿನವರಿಗೂ ನಡುವೆ ಎಷ್ಟು ನಿಮಿಷ, ಎಷ್ಟು ಸೆಕೆಂಡ್ ಎಂಬುದರಲ್ಲಿ. ಅಲ್ಲಿ ಬೈಕಿನ ಹಿಂದೆ ಕೂತ ಒಬ್ಬರು ಕರಿಹಲಗೆಯ ಮೇಲೆ ಆ ಅಂತರ ಬರೆದು ಸವಾರರಿಗೆ ಹಿಡಿದು ತೋರಿಸುತ್ತಾರೆ. ಫ್ರೆಂಚಿನಲ್ಲಿ ಅವರಿಗೆ ಆರ್ದ್ವಾಸಿಯೆ ಎಂದು ಹೆಸರು, ಸ್ಲೇಟಿನವರು ಎಂದರ್ಥ. ಕಿವಿಯ ರೇಡಿಯೋದಲ್ಲಿ ತಂಡದ ಕಾರಿನಿಂದ ಬರುವುದೂ ಹೆಚ್ಚಾಗಿ ಇದೇ ಲೆಕ್ಕ. ಬೆಟ್ಟದ ತಿರುವಿನಲ್ಲಿ ಹಿಂದಿನವನು ಕಾಣುವುದಿಲ್ಲ, ಅಂಕಿ ಮಾತ್ರ ಗೊತ್ತಿರುತ್ತದೆ. ಕೌಂಟರಿನ ಹಿಂದೆ ನಿಂತು ಲೈವ್ ಓದುವಾಗ ನನಗೆ ಗೊತ್ತಿರುವುದೂ ಅಷ್ಟೇ. ಪರದೆಯ ಮುಂದೆ ಕೂತಾಗ ಮೇಲಿನಿಂದ ಎಲ್ಲವನ್ನೂ ನೋಡುತ್ತಿದ್ದೆ. ಓದುವಾಗ ಆ ಗುಂಪಿನೊಳಗೇ ಇದ್ದಂತಿರುತ್ತದೆ.

ಅಂಕಿಯನ್ನು ಓದಲೂ ಒಂದು ವಿದ್ಯೆ ಇದೆ. ಫ್ರಾನ್ಸಿನ ವೀಕ್ಷಕ ವಿವರಣೆಗಾರ ರೊಬೆರ್ ಶಪಾಟ್ ಹೆಸರಿನ ಹಳೆಯ ಸೂತ್ರವೊಂದು ಹೇಳುವಂತೆ, ತಪ್ಪಿಸಿಕೊಂಡು ಮುಂದೆ ಹೋದವರು ಉಳಿಯಬೇಕಾದರೆ ಬಾಕಿ ಇರುವ ಪ್ರತಿ 10 ಕಿಲೋಮೀಟರಿಗೆ ಒಂದು ನಿಮಿಷ ಕೈಯಲ್ಲಿರಬೇಕು. 30 ಕಿಲೋಮೀಟರ್ ಬಾಕಿ, ಅಂತರ ಎರಡೂವರೆ ನಿಮಿಷ ಅಂದರೆ ದೊಡ್ಡ ಗುಂಪು ಹಿಡಿಯುತ್ತದೆ. ಮೂರೂವರೆ ಅಂದರೆ ಆಸೆ ಇಟ್ಟುಕೊಳ್ಳಬಹುದು. ಬಿಲ್ ಪುಸ್ತಕದ ರಟ್ಟಿನ ಹಿಂಭಾಗದಲ್ಲಿ ಬರೆದಿಡುತ್ತೇನೆ: 40ಕ್ಕೆ ಎಷ್ಟು, 30ಕ್ಕೆ ಎಷ್ಟು, 20ಕ್ಕೆ ಎಷ್ಟು. ಎದುರಾಳಿಯ ಗುಂಪಿನಲ್ಲಿ ಎಳೆಯುವವರು ಯಾರಿದ್ದಾರೆ, ಗಾಳಿ ಎತ್ತಣಿಂದ ಎಂಬುದೂ ಲೈವ್‌ನಲ್ಲಿ ಬಂದಿರುತ್ತದೆ. ಹಿಡಿಯುತ್ತಾರೆ ಎಂದು ಲೆಕ್ಕ ಹೇಳಿದಾಗಲೂ ಒಂದೊಂದು ದಿನ ಅವರು ಹತ್ತು ಸೆಕೆಂಡಿನಲ್ಲಿ ಉಳಿದುಬಿಡುತ್ತಾರೆ. ಆ ಹತ್ತು ಸೆಕೆಂಡಿಗಾಗಿ ಇಡೀ ಸಂಜೆ ಕಾದಿರುತ್ತೇನೆ.

ಇದಕ್ಕೆ ನನ್ನ ಖರ್ಚು ಒಂದೇ. ರೇಸಿನ ಸ್ವಂತ ತಾಣದಲ್ಲಿ ಪ್ರತಿ ಸ್ಟೇಜಿನ ಏರಿಳಿತದ ನಕ್ಷೆ ಸಿಗುತ್ತದೆ. ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ 21 ಹಾಳೆ ಪ್ರಿಂಟ್ ಹಾಕಿಸಿ, ದಿನಕ್ಕೊಂದನ್ನು ಕ್ಯಾಲೆಂಡರಿನ ಕೆಳಗೆ ಅಂಟಿಸುತ್ತೇನೆ. ಬಿಪಿ ಮಾತ್ರೆಗೆ ಬರುವ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು, "ಇದ್ಯಾರದು ಮಾರಾಯ್ರೆ ಇಸಿಜಿ?" ಎಂದು ಕೇಳಿದ್ದರು. ಹೇಳಿದೆ. ಈಗ ಅವರು ಜುಲೈನಲ್ಲಿ ಬಂದಾಗ ಮೊದಲು ಹಾಳೆ ನೋಡಿ, ಇವತ್ತು ಎಲ್ಲಿದ್ದಾರೆ ಎಂದು ಕೇಳಿ, ಆಮೇಲೆ ಚೀಟಿ ಕೊಡುತ್ತಾರೆ.

ಕೊರತೆ ಇಲ್ಲವೆಂದಲ್ಲ. ಯಾರಾದರೂ ಬಿದ್ದರು ಎಂಬ ಸಾಲು ಬಂದ ಮೇಲೆ ಮುಂದಿನ ಸಾಲಿನವರೆಗಿನ ಮೂರು ನಿಮಿಷ ತುಂಬ ಕಷ್ಟ. ಎದ್ದನೋ ಇಲ್ಲವೋ ತಿಳಿಯುವುದಿಲ್ಲ.

ಹಾಗಾದರೆ ನೀವೇನು ಮಾಡಬೇಕು? ಸಂಜೆ ಆರೂವರೆಗೆ ಮನೆಯಲ್ಲಿರುವ ಕೆಲಸ ನಿಮ್ಮದಾದರೆ ನೇರಪ್ರಸಾರಕ್ಕೇ ದುಡ್ಡು ಕಟ್ಟಿ. ಕೊನೆಯ ಎರಡು ತಾಸು ಕೂತು ನೋಡಿ, ನನ್ನ ತೊಂದರೆ ಯಾವುದೂ ನಿಮಗೆ ತಟ್ಟುವುದಿಲ್ಲ. ರಾತ್ರಿ ತಡವಾಗಿ ನೋಡುವವರಾದರೆ, ಚಂದಾ ಕಟ್ಟುವ ಮೊದಲು ಆ ಆ್ಯಪಿನ ಮೊದಲ ಪುಟ ರೇಸಿನ ದಿನ ಹೇಗಿರುತ್ತದೆಂದು ಈಗಾಗಲೇ ಇಟ್ಟುಕೊಂಡವರನ್ನು ಕೇಳಿ. ನನ್ನಂತೆ ಕೌಂಟರಿನಲ್ಲಿ ನಿಲ್ಲುವವರು, ಬಸ್ಸಿನಲ್ಲಿ ಓಡಾಡುವವರು, ಸಂಜೆ ಮಕ್ಕಳಿಗೆ ಪಾಠ ಹೇಳುವವರು ಬರಹದ ಲೈವ್ ಹಿಡಿಯಿರಿ. ವರ್ಷದ ಚಂದಾ ಯಾರಿಗೂ ಬೇಡ, ತಿಂಗಳ ಲೆಕ್ಕದಲ್ಲಿ ಸಿಗುವುದಾದರೆ ಅದೇ ಸಾಕು. ನನ್ನದನ್ನು ನವೀಕರಿಸುವುದಿಲ್ಲ, ತಾನಾಗಿ ದುಡ್ಡು ಕಡಿಯುವ ಅನುಮತಿಯನ್ನೂ ರದ್ದು ಮಾಡಿದ್ದೇನೆ.

ಆದರೆ 2026ರ ಟೂರ್ ಹಾದಿ ನೋಡಿದ ಮೇಲೆ ಎರಡು ದಿನಕ್ಕೆ ನಿಯಮ ಸಡಿಲಿಸಿದ್ದೇನೆ. ಜುಲೈ 4ಕ್ಕೆ ಬಾರ್ಸಿಲೋನಾದಲ್ಲಿ ಶುರು, 24 ಮತ್ತು 25ಕ್ಕೆ ಸಾಲಾಗಿ ಎರಡು ದಿನ ಆಲ್ಪ್ ದ್ಯುಯೆಜ್ ಬೆಟ್ಟದ ಮೇಲೆ ಮುಕ್ತಾಯ. ನಮ್ಮ ಆಗುಂಬೆ ಘಾಟಿಗೆ 14 ತಿರುವು, ಅದಕ್ಕೆ 21. ಶುಕ್ರವಾರ ಆ ತಿರುವುಗಳ ದಾರಿ. ಶನಿವಾರ ಕ್ರ್ವಾ ದ ಫೆರ್, ಗಾಲಿಬಿಯೆ ಬೆಟ್ಟಗಳನ್ನು ದಾಟಿ ಹಿಂಬದಿಯಿಂದ ಸರೆನ್ ಏರಿ ಬರುವುದು, ಒಂದೇ ದಿನಕ್ಕೆ 5,600 ಮೀಟರ್ ಏರು. ಆ ತಿಂಗಳಿಗೆ ಮಾತ್ರ ಚಂದಾ ಕಟ್ಟುತ್ತೇನೆ. ಶನಿವಾರ ಸಂಜೆ ಐದಕ್ಕೇ ಶಟರ್ ಎಳೆಯುವುದಾಗಿ ಕ್ಲಿನಿಕ್ಕಿನವರಿಗೂ ಹೇಳಿದ್ದಾಗಿದೆ. ಆ ದಿನದ ನಕ್ಷೆಯನ್ನು ಮಗಳು ಈಗಲೇ ಎರಡು ಹಾಳೆ ಜೋಡಿಸಿ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದಾಳೆ.